ಏಳನೆಯ ತೂಬು

ಮಳೆ ಶುರುವಾದ ಹನ್ನೊಂದನೇ ನಿಮಿಷಕ್ಕೆ
ಏಳನೆಯ ತೂಬಿನ ಬಾಯಲ್ಲಿ ಬಾಟಲಿ ಹಿಡಿದು ಕೂತಿರಬೇಕು.
ಅದು ನನ್ನ ಕೆಲಸ.
ಮೊದಲ ಮಳೆಗೆ ಮುಖವೊಡ್ಡುವವರು ಒಡ್ಡಲಿ;
ನಾನು ಬಲ್ಲೆ, ಅದು ಬಡಾವಣೆಯ ಬೆನ್ನುಜ್ಜಿದ ನೀರು:
ಚಾವಣಿಯ ಸತು, ಬ್ರೇಕು ಸವೆದ ತಾಮ್ರ,
ಹುಲ್ಲುಹಾಸಿಗೆ ಕೈಮೀರಿ ಎರಚಿದ ಗೊಬ್ಬರ,
ಯಾರದೋ ಮುದ್ದುನಾಯಿ ಬಿಟ್ಟುಹೋದದ್ದು,
ಶನಿವಾರ ಲೆಸ್ಟರ್ ಬ್ರೋಡಿ ದೋಣಿ ತೊಳೆದ ನೊರೆ.
ಅರ್ಧ ಗಂಟೆ ಕಳೆದರೆ ಸಾಕು, ನೀರು ತಿಳಿಯಾಗಿ
ಏನೂ ಆಗಿಲ್ಲವೆಂಬಂತೆ ಹರಿಯುತ್ತದೆ.
ಅಷ್ಟರಲ್ಲಿ ಎಲ್ಲರೂ ಕೈ ತೊಳೆದುಕೊಂಡಿರುತ್ತಾರೆ.

ಆಕ್ಲೆಂಡಿನಿಂದ ಎರಡು ತಾಸು ಉತ್ತರಕ್ಕೆ
ಕೊಲ್ಲಿಯ ತೋಳು ಒಳಸರಿದಲ್ಲಿ ಮುನ್ನೂರ ಹನ್ನೆರಡು ಮನೆ.
ಕೊಕ್ಕರೆಯ ಹೆಸರಿಟ್ಟು ಮಾರಿದರು.
ಮೊದಲ ಕೊಕ್ಕರೆ ಬಂದದ್ದು ಆರನೆಯ ವರ್ಷ,
ಒಂಟಿಕಾಲಲ್ಲಿ ನಿಂತು, ನೋಡಿ, ಹೋಯಿತು.
ನಡುವಿನ ನೀರನ್ನು ಸರೋವರವೆಂದು ಅಚ್ಚು ಹಾಕಿಸಿದ್ದರು;
ನನ್ನ ನಕ್ಷೆಯಲ್ಲಿ ಅದು ಹೂಳುಗುಂಡಿ, ಸಂಖ್ಯೆ ಎರಡು.
ನೀರು ಅಲ್ಲಿ ಒಂದು ದಿನ ಸುಮ್ಮನೆ ಕೂರಬೇಕು,
ಹೊತ್ತದ್ದನ್ನು ಇಳಿಸಬೇಕು,
ಆಮೇಲೆ ಕಡಲಿಗೆ ಹೋಗಬೇಕು.
ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಕಾಂಕ್ರೀಟು.

ನೈರಿ ಪೊಹಾಟು ಆಚೆ ದಡದವಳು. ಎಪ್ಪತ್ತೆಂಟು.
ಇದೆಲ್ಲ ಜೌಗಾಗಿದ್ದಾಗ ಅವಳ ಅಪ್ಪ
ಇಲ್ಲೇ ಬುಟ್ಟಿ ಇಳಿಬಿಟ್ಟು ಹಾವುಮೀನು ಹಿಡಿಯುತ್ತಿದ್ದ.
ದಂಡೆಗೆ ನಾವು ಜೊಂಡು ನೆಡುವ ದಿನ
ಕುರ್ಚಿ ಹಾಕಿಕೊಂಡು ನೋಡಿದಳು:
"ಇದ್ದ ಜೊಂಡನ್ನು ಬುಲ್ಡೋಜರಿನಲ್ಲಿ ಎತ್ತಿಸಿದಿರಿ.
ಈಗ ಸಸಿಗೆ ನಾಲ್ಕು ಡಾಲರ್ ಕೊಟ್ಟು ಅದನ್ನೇ ತಂದಿರಿ.
ಅಗ್ಗವಾಯಿತು ಬಿಡಿ."

ಸಮಿತಿಯ ಸಭೆಯಲ್ಲಿ ಬ್ರೋಡಿ ಎದ್ದ:
ಜೊಂಡು ನೋಟಕ್ಕೆ ಅಡ್ಡ, ಮನೆಯ ಬೆಲೆಗೂ ಅಡ್ಡ.
ನಾನು ಅಂಕಿ ಓದಿದೆ, ಗ್ರಾಫು ತೋರಿಸಿದೆ;
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.
ಮೊಣಕಾಲೆತ್ತರಕ್ಕೆ ಕತ್ತರಿಸುವುದೆಂದು ತೀರ್ಮಾನ.
ಒಂಬತ್ತು ಮತ, ಏಳು ಮತ.

ಸೆಮಿಸಿ, ಹನ್ನೊಂದು ವರ್ಷ,
ಮೋರಿಯ ಜಾಲರಿ ಬಾಚುವವನ ಮಗ, ಟೊಂಗಾದವರು.
ಒಂದು ರಾತ್ರಿ ಟಾರ್ಚು ಹಿಡಿದು ನನ್ನ ಬಾಗಿಲು ತಟ್ಟಿದ.
"ಗೋಡೆ ಹತ್ತುತ್ತಿವೆ. ಬೀಳುತ್ತಿವೆ."
ತೂಬಿನ ಕೆಳಗೆ, ಮೀಟರೆತ್ತರದ ಒಡ್ಡಿಗೆ
ಬೆರಳುದ್ದದ ಗಾಜಿನ ಎಳೆಗಳು, ನೂರಾರು,
ಒದ್ದೆಯನ್ನೇ ಹಿಡಿಕೆ ಮಾಡಿಕೊಂಡು ಏರಿ
ಒಣಗಿದ ಅಂಚಿನಲ್ಲಿ ಕಳಚಿ ಬೀಳುತ್ತಿದ್ದವು.
ಆ ಒಡ್ಡಿನ ಎತ್ತರ ಲೆಕ್ಕ ಹಾಕಿದವಳು ನಾನೇ.
ನೀರಿನ ಲೆಕ್ಕ ಅದು. ಮೀನು ಅದರಲ್ಲಿರಲಿಲ್ಲ.
ಎಲ್ಲಿಂದ ಬರುತ್ತವೆ, ಅಂದ.
ಟೊಂಗಾದ ಕಡೆಯ ಆಳದಿಂದ ಅಂತಾರೆ, ಅಂದೆ.
ಹುಡುಗ ತುಸು ಹೊತ್ತು ಸುಮ್ಮನಿದ್ದ.
"ಹಾಗಾದರೆ ನಮ್ಮೂರಿನವು. ಒಳಗೆ ಕರೀಬೇಕಲ್ಲ?"

ಮರುದಿನ ನೈರಿ ಶೆಡ್ಡಿನಿಂದ ಹಳೆಯ ಹಗ್ಗ ತಂದಳು,
ಚಿಪ್ಪುಮೀನು ಸಾಕುವವರು ಬಿಸಾಕಿದ್ದು, ಒರಟು ರೋಮದ್ದು.
ಒಡ್ಡಿನ ನೆತ್ತಿಗೆ ಗಂಟು ಹಾಕಿ ಇಳಿಬಿಟ್ಟೆವು.
ನಕ್ಷೆಯಿಲ್ಲ, ಟೆಂಡರಿಲ್ಲ.

ನಿನ್ನೆ ಮಳೆ ಬಂತು. ಹನ್ನೊಂದನೇ ನಿಮಿಷ.
ಅದೇ ಕೊಳೆಯಲ್ಲಿ, ನೊರೆಯಲ್ಲಿ, ಸತುವಿನಲ್ಲಿ
ಹಗ್ಗದ ರೋಮ ಹಿಡಿದು ಅವು ಏರುತ್ತಿದ್ದವು.
ತಿಳಿಯಾಗಲಿ ಎಂದು ಒಂದೂ ಕಾಯಲಿಲ್ಲ.
ತುಂಬಿದ ಬಾಟಲಿಯನ್ನು ಬೆಳಕಿಗೆ ಹಿಡಿದೆ:
ಒಳಗೊಂದು. ಎರಡು ಕಪ್ಪು ಚುಕ್ಕೆ ಕಣ್ಣು,
ಅದರಾಚೆ ಮಿಡಿಯುವ ಒಂದು ಕೆಂಪು.

ಒಡ್ಡಿನ ಮೇಲ್ಗಡೆ ಸುರಿದುಬಿಟ್ಟೆ.
ಕೋಷ್ಟಕದಲ್ಲಿ ಏಳನೆಯ ಮನೆ ಖಾಲಿ.
ಕಾರಣ ಎಂಬಲ್ಲಿ 'ನೆಂಟರು' ಎಂದು ಬರೆದು, ಹೊಡೆದುಹಾಕಿ,
'ಬಾಟಲಿ ಕೈಜಾರಿತು' ಎಂದು ತುಂಬಿಸಿದೆ.